ಮಡಚಿ ಒಯ್ಯುವ ಬಣ್ಣ

ಜೂನ್ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಬಾಡಿಗೆ ಕೋಣೆ ಹುಡುಕುವವರ ಓಡಾಟ ಶುರು. ಅಪ್ಪ-ಅವ್ವ ಹಳ್ಳಿಯಲ್ಲಿ ಹೊಲ ನೋಡಿಕೊಂಡರೆ, ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ರೊಟ್ಟಿ ಬಡಿಯಲು ಬರುವವರು ನಮ್ಮಂಥ ಅಜ್ಜಿಯರು. ನಾನು ಸಿಂದಗಿಗೆ ಬಂದದ್ದೂ ಹಾಗೆಯೇ.

ಕೀಲಿ ಕೊಡುವಾಗಲೇ ಮನೆಯವರು ಹೇಳಿದ್ದರು: "ಗ್ವಾಡಿಗೆ ಮಳಿ ಹೊಡೀಬ್ಯಾಡ್ರಿ, ಬಣ್ಣ ಹಚ್ಚಬ್ಯಾಡ್ರಿ. ಹಂಗೇನರ ಆದ್ರ ಅಡ್ವಾನ್ಸಿನಾಗ ಮುರಕೋತೀನಿ." ಗೋಡೆ ಅವರದು, ಮಾತೂ ನ್ಯಾಯವೇ. ಆದರೆ ಐದನೇ ತರಗತಿಯ ಮೊಮ್ಮಗಳಿಗೆ ಆ ಬೋಳು ಗೋಡೆ ಸೇರಲಿಲ್ಲ. ಶನಿವಾರ ಶಾಲೆ ಬಿಟ್ಟೊಡನೆ, "ಆಯಿ, ನಮ್ಮ ಮನಿಗಿ ಹೋಗೂಣು" ಎನ್ನುವಳು. ಗೆಳತಿಯರನ್ನು ಒಮ್ಮೆಯೂ ಕರೆತಂದಿರಲಿಲ್ಲ.

ಗೋಡೆಗೆ ಬಣ್ಣ ಹಚ್ಚುವಂತಿಲ್ಲ, ಸರಿ. ಗೋಡೆಯ ಮುಂದೆ ಬಣ್ಣ ತೂಗುಹಾಕಬಹುದಲ್ಲ! ನಮ್ಮ ಸೀಮೆಯಲ್ಲಿ ಬಣ್ಣಕ್ಕೇನು ಬರ? ಟ್ರಂಕು ತೆರೆದರೆ ಇಳಕಲ್ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ಹಸಿರು-ನೇರಳೆ. ಇವೆರಡೂ ಊರುಗಳು ಈಗ ಬಾಗಲಕೋಟೆ ಜಿಲ್ಲೆಯಲ್ಲಿವೆ. 1997ರವರೆಗೆ ನಾವೆಲ್ಲ ಒಂದೇ ವಿಜಾಪುರ ಜಿಲ್ಲೆಯವರು.

ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಹೊಲಿದರೆ ಕೌದಿ. ಹೊದೆಯುವ ಕೌದಿ ಭಾರ. ಗೋಡೆಗೆ ಒಂದು ಪದರ ಸಾಕು. ಹಳೆಯ ಹಾಸಿಗೆ ಬಟ್ಟೆಯ ಮೇಲೆ ತುಂಡುಗಳನ್ನು ಜೋಡಿಸಿ, ಅಂಚು ಒಳಗೆ ಮಡಚಿ, ಸೂಜಿ ಮೇಲೆ-ಕೆಳಗೆ ಹೋಗುವ ನೇರ ಹೊಲಿಗೆ ಹಾಕಿ. ಅಜ್ಜಿಗೆ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ಮಕ್ಕಳದು. ಹಿಂಬದಿಯಲ್ಲಿ ಮೇಲಂಚಿಗೆ ಉದ್ದನೆಯ ಪಟ್ಟಿ ಹೊಲಿದು, ಅದರೊಳಗೆ ಬಿದಿರಿನ ಕೋಲು ತೂರಿಸಿ, ಎರಡೂ ತುದಿಗೆ ಹುರಿ ಕಟ್ಟಿ. ಕೋಣೆಯಲ್ಲಿ ಮೊದಲೇ ಇರುವ ಗೂಟಕ್ಕೋ ಕಿಟಕಿಯ ಸರಳಿಗೋ ತೂಗುಹಾಕಿದರಾಯಿತು, ಮೊಳೆಯ ಮಾತೇ ಇಲ್ಲ. ನಮಗೆ ತಗುಲಿದ ಖರ್ಚು ಸೂಜಿ, ದಾರ, ಹುರಿಯದು ಮಾತ್ರ.

ಎರಡು ಎಚ್ಚರಿಕೆ. ಹೊಸ ಬಟ್ಟೆಯ ತುಂಡಿದ್ದರೆ ಮೊದಲು ಬೇರೆಯಾಗಿ ಒಗೆಯಿರಿ, ಬಣ್ಣ ಬಿಟ್ಟು ಗೋಡೆಗೆ ಹತ್ತಬಾರದು. ಸುಣ್ಣದ ಗೋಡೆಯಾದರೆ ಹಿಂದೆ ಹಳೆಯ ಚಾದರದ ತುಂಡು ಇರಲಿ, ಸುಣ್ಣ ಬಟ್ಟೆಗೆ ಹತ್ತುವುದಿಲ್ಲ. ಮಳೆಗಾಲದಲ್ಲಿ ಆಗಾಗ ಇಳಿಸಿ ಬಿಸಿಲಿಗೆ ಹಾಕಿ.

ನನ್ನ ಅತ್ತೆಯ ಸೀರೆಗೆ ಕತ್ತರಿ ಹಾಕುವಾಗ ಮೊಮ್ಮಗಳು ಕೈ ಹಿಡಿದಳು. "ಮುತ್ತ್ಯಾನ ಅವ್ವನ ಸೀರಿ ಹರದ್ರ ಪಾಪ ಅಲ್ಲೇನು ಆಯಿ?" ಸೀರೆಯ ಒಡಲು ಮಡಿಕೆಯಲ್ಲೇ ಜೀರ್ಣವಾಗಿತ್ತು, ಸೆರಗು ಮಾತ್ರ ಗಟ್ಟಿಯಾಗಿತ್ತು. ಹಾಗಾಗಿ ಕೆಂಪು-ಬಿಳಿಯ ತೋಪುತೆನಿ ಸೆರಗನ್ನು ಕತ್ತರಿಸದೆ ನಡುವೆ ಇಟ್ಟೆವು. ಸುತ್ತ ಅವಳಪ್ಪನ ಶಾಲೆಯ ಅಂಗಿ, ಅವಳ ಕುಲಾಯಿ, ನನ್ನ ಕುಬಸದ ಖಣ. ಯಾವ ತುಂಡು ಯಾರದೆಂದು ಹಿಂಬದಿಯಲ್ಲಿ ಅವಳೇ ಪೆನ್ನಿನಿಂದ ಬರೆದಳು. ಬರೆಯುತ್ತ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ನನಗೆ ಎರಡು ಸಂಜೆ ಸಾಲಲಿಲ್ಲ.

ಹಳೆ ಬಟ್ಟೆಯೆಂದು ಯಾರೂ ಮೂಗು ಮುರಿಯಬೇಡಿ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಅಲ್ಲಿನ ಕಪ್ಪು ಜನಾಂಗದ ಹೆಂಗಸರು ಹೊಲದಲ್ಲಿ ತೊಟ್ಟು ಸವೆದ ಬಟ್ಟೆಗಳಿಂದಲೂ ನಮ್ಮ ಕೌದಿಯಂಥದ್ದನ್ನೇ ಹೊಲಿದರು. ಅವು ದೊಡ್ಡ ಮ್ಯೂಸಿಯಂಗಳ ಗೋಡೆ ಏರಿದವು. 2006ರಲ್ಲಿ ಆ ದೇಶದ ಅಂಚೆಚೀಟಿಗಳ ಮೇಲೂ ಅಚ್ಚಾದವು.

ನಮ್ಮದು ಕಿಟಕಿಯ ಎದುರಿನ ಗೋಡೆಯಲ್ಲಿದೆ. ಬೆಳಗಿನ ಬಿಸಿಲು ಬಿದ್ದಾಗ ಇಡೀ ಕೋಣೆ ಕೆಂಪಗಾಗುತ್ತದೆ. ಗೆಳತಿಯರು ಬಂದಾಗ ಮೊಮ್ಮಗಳು ಅದನ್ನು ತಿರುವಿ, ಹಿಂದಿನ ಹೆಸರುಗಳನ್ನು ಓದಿ ಹೇಳುತ್ತಾಳೆ. ಮನೆ ಖಾಲಿ ಮಾಡುವ ದಿನ ಮಡಚಿ ಟ್ರಂಕಿಗೆ ಹಾಕಿದರೆ ಮುಗಿಯಿತು. ಅಡ್ವಾನ್ಸೂ ಪೂರಾ ಬರುತ್ತದೆ.

ಮಕ್ಕಳೇ, ಈ ಭಾನುವಾರ ಅಜ್ಜಿಗೆ ಟ್ರಂಕು ತೆರೆಯಲು ಹೇಳಿ. ಕತ್ತರಿ ಹಿಡಿಯುವ ಮೊದಲು, ಪ್ರತಿಯೊಂದು ಬಟ್ಟೆ ಯಾರದೆಂದು ಕೇಳಿ ಬರೆದಿಟ್ಟುಕೊಳ್ಳಿ.