ಖಾತೆ ಹೊಸಬರದು, ಕೂಳೆ ಹಳೆಯದು

ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಓಡಾಡುವವರಿಗೆ ಈ ನೋಟ ಹೊಸದಲ್ಲ. ಭದ್ರಾ ನಾಲೆಯ ನೀರುಂಡ ಗದ್ದೆಗಳ ನಡುವೆ ಕಲ್ಲು ನೆಟ್ಟ ನಿವೇಶನಗಳು. ಖಾತೆ ಹೊಸಬರ ಹೆಸರಿಗಾಗಿದೆ, ಮನೆ ಎದ್ದಿಲ್ಲ, ನೆಲದಲ್ಲಿ ಹಳೆಯ ಭತ್ತದ ಕೂಳೆ ಹಾಗೆಯೇ ಇದೆ.

ಕಂಪ್ಯೂಟರಿನ ಡಿಸ್ಕಿನಲ್ಲೂ ಇಂಥ ನಿವೇಶನಗಳುಂಟು. ದೊಡ್ಡ ಫೈಲಿಗೆ ಜಾಗ ಅರ್ಧದಲ್ಲಿ ಸಾಲದೆ ಹೋಗಬಾರದು, ಫೈಲು ಚೂರುಚೂರಾಗಿ ಹರಡಬಾರದು ಎಂದು ಮೊದಲೇ ಜಾಗ ಕಾದಿರಿಸುವುದುಂಟು. ಆ ಜಾಗದಲ್ಲಿ ಹಿಂದೆ ಯಾರೋ ಅಳಿಸಿದ ಫೈಲಿನ ಅಕ್ಷರಗಳು ಉಳಿದಿರುತ್ತವೆ. ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ಹುಡುಗ ತೆರೆದ ಹೊಸ ಫೈಲಿನಲ್ಲಿ ಇನ್ನೊಬ್ಬ ಹುಡುಗಿಯ ಅಂಕಪಟ್ಟಿ ಇಣುಕಿದರೆ?

ಇದನ್ನು ತಡೆಯುವುದು ಡಿಸ್ಕಿನ ಶಾನುಭೋಗನಾದ ಫೈಲ್ ಸಿಸ್ಟಂನ ಕೆಲಸ. ಎಲ್ಲ ಕಡೆ ಸೊನ್ನೆ ಬರೆದುಬಿಡುವುದು ನೇರ ದಾರಿ. ಆದರೆ ಸೆಕೆಂಡಿಗೆ 100 ಎಂ.ಬಿ. ಬರೆಯುವ ಡಿಸ್ಕಿಗೆ 10 ಜಿ.ಬಿ. ಸೊನ್ನೆ ತುಂಬಲು 100 ಸೆಕೆಂಡು ಹಿಡಿಯುತ್ತದೆ. ಆಮೇಲೆ ಅದರ ಮೇಲೆಯೇ ಮತ್ತೆ ಬರೆಯಬೇಕು!

ವಿಂಡೋಸ್‌ನ ಎನ್‌ಟಿಎಫ್‌ಎಸ್ ಪ್ರತಿ ಫೈಲಿಗೂ ಒಂದು ಗಡಿ ಗುರುತಿಸುತ್ತದೆ. ಅಲ್ಲಿಯವರೆಗೆ ಬರೆದದ್ದು, ಅದರಾಚೆಗಿನದನ್ನು ಯಾರು ಕೇಳಿದರೂ ಸೊನ್ನೆಯೇ ಉತ್ತರ. ಒಂದೇ ಅಂಕಿಯಲ್ಲಿ ಮುಗಿಯುವ ಅಗ್ಗದ ಉಪಾಯ. ಆದರೆ ಫೈಲಿನ ತುದಿಯಲ್ಲಿ ಮೊದಲು ಬರೆಯಹೊರಟರೆ ನಡುವಿನದಕ್ಕೆಲ್ಲ ಸೊನ್ನೆ ತುಂಬಬೇಕಾಗುತ್ತದೆ.

ಲಿನಕ್ಸ್‌ಗೆ 2008ರಲ್ಲಿ ಸ್ಥಿರ ರೂಪದಲ್ಲಿ ಸೇರಿದ ಇಎಕ್ಸ್‌ಟಿ4 ಇನ್ನೂ ಸೂಕ್ಷ್ಮ. ಅದು ಒತ್ತಾಗಿರುವ ಬ್ಲಾಕುಗಳ ಒಂದೊಂದು ತುಂಡಿಗೂ ‘ಇನ್ನೂ ಬರೆದಿಲ್ಲ’ ಎಂಬ ಗುರುತು ಹಾಕುತ್ತದೆ. ಗುರುತಿಗೆ ಬೇರೆ ಜಾಗವಿಲ್ಲ. ತುಂಡಿನ ಉದ್ದ ಬರೆಯುವ 16 ಬಿಟ್‌ಗಳಲ್ಲೇ ಅದನ್ನೂ ಅಡಗಿಸಬೇಕು. ಹಾಗಾಗಿ ಬರೆದ ತುಂಡು 32,768 ಬ್ಲಾಕುಗಳವರೆಗೆ ಬೆಳೆಯಬಹುದು, ಬರೆಯದ ತುಂಡು 32,767ರವರೆಗೆ ಮಾತ್ರ. ಆ ಒಂದು ಬ್ಲಾಕು ಗುರುತಿಗೆ ತೆತ್ತ ಬಾಡಿಗೆ ಎನ್ನಬಹುದು. ಬರೆಯದ ತುಂಡಿನ ನಟ್ಟನಡುವೆ ಬರೆದರೆ ಒಂದು ಮೂರಾಗುತ್ತದೆ, ಶಾನುಭೋಗನ ಲೆಕ್ಕದ ಪುಸ್ತಕ ದಪ್ಪವಾಗುತ್ತದೆ. ಸೊನ್ನೆ ತುಂಬುತ್ತ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಗುರುತು ಹಾಕುವುದಕ್ಕಿಂತ ಅದನ್ನು ಯಾವಾಗ ಅಳಿಸಬೇಕೆಂಬುದೇ ನಾಜೂಕಿನ ಪ್ರಶ್ನೆ. ಮೊದಲು ಹೊಸ ಬರಹ ಡಿಸ್ಕನ್ನು ಮುಟ್ಟಬೇಕು, ಆಮೇಲೆ ಗುರುತು ಹೋಗಬೇಕು. ಹಿಂದುಮುಂದಾಗಿ, ಆ ಗಳಿಗೆಯಲ್ಲೇ ಕರೆಂಟು ಕೈಕೊಟ್ಟರೆ, ಪುಸ್ತಕದಲ್ಲಿ ‘ಬರೆದಿದೆ’ ಎಂದಿರುತ್ತದೆ, ನೆಲದಲ್ಲಿ ಹಳೆಯ ಕೂಳೆ. ಕ್ರಮ ಸರಿಯಿದ್ದರೆ ಆ ಹುಡುಗ ಬರೆದ ಕೊನೆಯ ಕೆಲವು ಸಾಲು ಕಳೆದುಹೋಗಬಹುದು. ಅವುಗಳ ಜಾಗದಲ್ಲಿ ಅವನಿಗೆ ಕಾಣುವುದು ಸೊನ್ನೆ, ಆ ಹುಡುಗಿಯ ಅಂಕಗಳಲ್ಲ.