ಅಂಕಕ್ಕೆ ತೂಗಿದ ವಿದ್ಯೆ

ವಿದ್ಯೆಗೂ ಅಂಕ ಕಟ್ಟುವ ಕಾಲ ಬಂದಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಾವಳಿಯಲ್ಲಿ ಭಾಷಾಧ್ಯಾಪಕನ ಒಂದು ಸಂಶೋಧನ ಲೇಖನಕ್ಕೆ 10 ಅಂಕ. ಇಡೀ ಗ್ರಂಥವನ್ನು ಅನುವಾದಿಸಿದರೆ 8! ಲೆಕ್ಕ ಬಲ್ಲವನು ಗ್ರಂಥದ ಗೋಜಿಗೆ ಹೋದಾನೆಯೆ? 2010ರಿಂದ ಬೆಳೆದ ಈ ಅಂಕದಾಸೆಯ ಫಸಲು ಎಂಥದೆಂದರೆ, ಆಯೋಗವೇ 2018ರಲ್ಲಿ ತಾನು ಮನ್ನಿಸಿದ್ದ ಪಟ್ಟಿಯಿಂದ 4305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು.

ನಮ್ಮ ತಿಪಟೂರು ಸೀಮೆಯ ರೈತ, ಅಟ್ಟದ ಮೇಲಿನ ಕಾಯಿ ತಿಂಗಳುಗಟ್ಟಲೆ ಒಣಗಿ, ಅಲ್ಲಾಡಿಸಿದಾಗ ಒಳಗಿನ ಗಿಟುಕು ಗುಡುಗುಡು ಎನ್ನುವವರೆಗೂ ಸುಲಿಯುವುದಿಲ್ಲ. ಪಂಡಿತರಿಗೆ ಆ ತಾಳ್ಮೆ ಬೇಡವಾಯಿತೆ?

ಪಾಠ ಮುಗಿದ ಮೇಲೆ ಚಿಕ್ಕನಾಯಕನಹಳ್ಳಿ ಕಡೆಯ ಹುಡುಗನೊಬ್ಬ ಪಂಪನ ಪದ್ಯದ ಅರ್ಥ ಕೇಳಲು ಬಂದರೆ, ಆ ಉತ್ತರಕ್ಕೆ ಕೋಷ್ಟಕದಲ್ಲಿ ಕಲಮಿಲ್ಲ. ಆ ಅರ್ಧ ಗಂಟೆಯಲ್ಲಿ ಲೇಖನದ ಎರಡು ಪುಟ ಬರೆಯಬಹುದಿತ್ತೆಂದು ಸಹೋದ್ಯೋಗಿಯೊಬ್ಬರು ನನಗೆ ಬುದ್ಧಿ ಹೇಳಿದರು. ಅವರಿಗೆ ಬಡ್ತಿಯೂ ದೊರೆಯಿತು.