ಸಂಬಳ ಲೆಕ್ಕಕ್ಕೆ ಬಂತು, ಕಲಿಕೆ?

ನಮ್ಮ ಗುಡಿಬಂಡೆಯ ರೈತರ ರೇಷ್ಮೆಗೂಡು ಹಿಂದೂಪುರದಲ್ಲಿ ಮಾರಾಟವಾದರೆ, ಮೊಟ್ಟೆ, ಗೊಬ್ಬರದ ಖರ್ಚು ಕಳೆದು ಉಳಿದ ಮೌಲ್ಯ ದೇಶದ ಜಿಡಿಪಿಗೆ ಸೇರುತ್ತದೆ. ಹುಳುವಿಗೆ ಸೊಪ್ಪು ಹಾಕಿ ಬಂದ ತಾಯಿ ಮನೆಯವರಿಗೆ ಮುದ್ದೆ ಮಾಡಿದ ದುಡಿಮೆ ಸೇರುವುದಿಲ್ಲ. 2024ರ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88.

ನಮ್ಮ ಶಾಲೆಗಳ ಲೆಕ್ಕವೂ ಅರೆಬರೆಯೇ. ಸರ್ಕಾರಿ ಸೇವೆಯನ್ನು ಜಿಡಿಪಿಯಲ್ಲಿ ಅಳೆಯುವುದು ಅದಕ್ಕೆ ತಗುಲಿದ ವೆಚ್ಚದಿಂದ. ಹಾಗಾಗಿ ನಮ್ಮ ಸಂಬಳ ಸೇರುತ್ತದೆ; ಮಗು ಓದಲು ಕಲಿತರೂ ಕಲಿಯದಿದ್ದರೂ ಆ ಅಂಕಿ ಬದಲಾಗದು.

ಮಕ್ಕಳ ಸಂಖ್ಯೆ ನೋಡಿಯೇ ಗಡಿನಾಡ ಕನ್ನಡ ಶಾಲೆಯನ್ನು ತೂಗುವವರ ಮುಂದೆ ಶಿಕ್ಷಕರಾದ ನಾವು ಇನ್ನೊಂದು ಲೆಕ್ಕ ಇಡಬೇಕು. ಐದನೇ ತರಗತಿ ಮುಗಿಸಿದವರಲ್ಲಿ ಎಷ್ಟು ಮಕ್ಕಳು ಕನ್ನಡ ಪತ್ರಿಕೆ ಓದಿ, ಮನೆಯ ಗೂಡಿನ ಲೆಕ್ಕ ಬರೆದು ತಾಯಿಗೆ ವಿವರಿಸಬಲ್ಲರು? ವರ್ಷಕ್ಕೊಮ್ಮೆ ಪೋಷಕರ ಸಭೆಯಲ್ಲಿ ಆ ಸಂಖ್ಯೆಯನ್ನು ಮುಚ್ಚುಮರೆಯಿಲ್ಲದೆ ಓದೋಣ.